ಖಜಾನೆ ಕುಗ್ಗುತ್ತಿರುವಾಗ ನಗರ ಬಿಲ್ಡರ್‌ಗೆ ತೆರಿಗೆ ಬಿಡುವುದೇಕೆ?

ಅಮೆರಿಕ ಮತ್ತು ಕೆನಡಾದ ನಗರಗಳಿಂದ ಕೆಲವು ವರ್ಷಗಳಿಂದ ಬರುತ್ತಿರುವ ಒಂದು ಬಗೆಯ ಸುದ್ದಿ ಮೇಲ್ನೋಟಕ್ಕೆ ಅರ್ಥವೇ ಆಗುವುದಿಲ್ಲ. ಕೋವಿಡ್ ಬಂದು ಹೋದ ಮೇಲೆ ಮನೆಯಿಂದಲೇ ಕೆಲಸ ಮಾಡುವವರು ಹೆಚ್ಚಿದರು. ನಗರದ ನಡುಮಧ್ಯದ ಕಚೇರಿ ಕಟ್ಟಡಗಳು ಖಾಲಿಯಾದವು, ಅವುಗಳ ಬೆಲೆ ಬಿತ್ತು, ಬೆಲೆಯ ಹಿಂದೆಯೇ ಆಸ್ತಿ ತೆರಿಗೆಯೂ ಕುಗ್ಗತೊಡಗಿತು. ಇಲ್ಲಿಯವರೆಗೆ ಸರಿ. ಆದರೆ ಹೀಗೆ ಆದಾಯ ಕಳೆದುಕೊಳ್ಳುತ್ತಿರುವ ಪಾಲಿಕೆಗಳೇ ಆ ಕಟ್ಟಡಗಳ ಮಾಲೀಕರಿಗೆ ಇನ್ನಷ್ಟು ತೆರಿಗೆ ಬಿಟ್ಟುಕೊಡುತ್ತಿವೆ.

ಕಚೇರಿಯನ್ನು ವಾಸದ ಮನೆಗಳಾಗಿ ಪರಿವರ್ತಿಸಿದರೆ 29 ವರ್ಷಗಳವರೆಗೆ ಶೇ 75ರಷ್ಟು ತೆರಿಗೆ ರಿಯಾಯಿತಿ ಕೊಡುವುದಾಗಿ ಬಾಸ್ಟನ್ 2023ರಲ್ಲಿ ಹೇಳಿತು. ನ್ಯೂಯಾರ್ಕ್ ರಾಜ್ಯ 2024ರಲ್ಲಿ ಮಾಡಿದ ಕಾನೂನಿನಲ್ಲಿ ಮ್ಯಾನ್‌ಹಟನ್‌ನ ಮುಖ್ಯ ಭಾಗದಲ್ಲಿ ಶೇ 90ರವರೆಗೆ, ಅದೂ 35 ವರ್ಷಗಳವರೆಗೆ ವಿನಾಯಿತಿ ಸಿಗುತ್ತದೆ. ಬದಲಿಗೆ ನಾಲ್ಕರಲ್ಲಿ ಒಂದು ಮನೆಯನ್ನು ಕಡಿಮೆ ಆದಾಯದವರ ಕೈಗೆಟಕುವ ಬಾಡಿಗೆಗೆ ಕೊಡಬೇಕು. ಕೆನಡಾದ ಕ್ಯಾಲ್ಗರಿ 2021ರಿಂದ ನಗದನ್ನೇ ಕೊಡತೊಡಗಿತು, ಪರಿವರ್ತಿಸಿದ ಪ್ರತಿ ಚದರ ಅಡಿಗೆ 75 ಕೆನಡಿಯನ್ ಡಾಲರ್.

ದುಡ್ಡಿನ ಕೊರತೆ ಇರುವವರು ದುಡ್ಡಿದ್ದವರಿಗೆ ಬಿಟ್ಟುಕೊಡುವುದು ಯಾವ ನ್ಯಾಯ ಎಂದು ಕೇಳುವವರ ಮಾತಿನಲ್ಲಿ ತಥ್ಯವಿದೆ. ಇದು ಸಾಲ ಮಾಡಿ ಬಿತ್ತನೆ ಬೀಜ ತಂದ ಹಾಗೆ, ಇಂದು ಕೊಡದಿದ್ದರೆ ನಾಳೆ ಬೆಳೆಯೇ ಇಲ್ಲ ಎನ್ನುವವರದ್ದೂ ಸುಳ್ಳಲ್ಲ. ಯಾವ ಯೋಜನೆಗೆ ಯಾವ ಮಾತು ಹೊಂದುತ್ತದೆ ಎಂದು ತಿಳಿಯಲು ಕೇಳಬೇಕಾದ ಪ್ರಶ್ನೆ ಒಂದೇ: ರಿಯಾಯಿತಿ ಕೊಡದೇ ಇದ್ದಿದ್ದರೂ ಆ ಕಟ್ಟಡ ಏಳುತ್ತಿತ್ತೇ?

ಊರ ನಡುವೆಯೇ ಜಾಗ ಖಾಲಿ ಬೀಳುವುದು ಹೇಗೆ

ನಗರಯೋಜನೆಯಲ್ಲಿ ಇನ್‌ಫಿಲ್ ಎಂಬ ಮಾತಿದೆ. ಊರನ್ನು ಹೊರಕ್ಕೆ ಹಿಗ್ಗಿಸುವ ಬದಲು ಒಳಗೇ ಉಳಿದಿರುವ ಖಾಲಿ ನಿವೇಶನ, ಪಾಳು ಕಟ್ಟಡ, ಬಯಲು ಪಾರ್ಕಿಂಗ್ ಜಾಗಗಳಲ್ಲಿ ಕಟ್ಟುವುದು ಎಂದು ಅದರ ಅರ್ಥ. ನಗರದ ನಡುಮಧ್ಯ ಎಂದರೆ ಎಲ್ಲಕ್ಕಿಂತ ಬೆಲೆಬಾಳುವ ಜಾಗ. ಅಂಥ ಕಡೆ ನಿವೇಶನ ಹತ್ತಾರು ವರ್ಷ ಸುಮ್ಮನೆ ಬಿದ್ದಿರುವುದೇ ವಿಚಿತ್ರ ಎನ್ನಿಸಬಹುದು. ಕಾರಣಗಳನ್ನು ಬಿಡಿಸಿ ನೋಡಿದರೆ ವಿಚಿತ್ರವೇನೂ ಉಳಿಯುವುದಿಲ್ಲ.

ಊರ ಹೊರಗಿನ ಬಯಲಿನಲ್ಲಿ ಕಟ್ಟುವವನಿಗೆ ಜಾಗ ಅಗ್ಗ, ಮಣ್ಣು ಶುದ್ಧ, ಅಕ್ಕಪಕ್ಕ ಯಾರೂ ಇಲ್ಲ. ಊರೊಳಗೆ ಹಳೆಯ ಅಡಿಪಾಯ ಕಿತ್ತು ತೆಗೆಯಬೇಕು. ಹಿಂದೊಮ್ಮೆ ಪೆಟ್ರೋಲ್ ಬಂಕೋ ಕಾರ್ಖಾನೆಯೋ ಇದ್ದ ಜಾಗವಾದರೆ ಮಣ್ಣನ್ನೇ ಸ್ವಚ್ಛಗೊಳಿಸಬೇಕು. ಪಕ್ಕದ ಗೋಡೆ ಕುಸಿಯದಂತೆ ಆಸರೆ ಕೊಡಬೇಕು. ಕ್ರೇನ್ ನಿಲ್ಲಿಸಲು ರಸ್ತೆಯ ಒಂದು ಬದಿ ಮುಚ್ಚಿಸಬೇಕು, ಅದಕ್ಕೂ ಅನುಮತಿ, ಅದಕ್ಕೂ ಶುಲ್ಕ. ಒಂದು ಸಾಲು ನಿವೇಶನ ಐದಾರು ಮಾಲೀಕರ ಹೆಸರಿನಲ್ಲಿದ್ದರೆ ಒಬ್ಬರು ಒಪ್ಪದಿದ್ದರೂ ಕೆಲಸ ನಿಲ್ಲುತ್ತದೆ.

ಇದಕ್ಕಿಂತ ಮುಖ್ಯವಾದ ಇನ್ನೊಂದು ಕಾರಣವನ್ನು ಸುದ್ದಿಗಳು ಹೇಳುವುದೇ ಇಲ್ಲ. ಬಹುತೇಕ ಕಡೆ ಆಸ್ತಿ ತೆರಿಗೆಯ ದೊಡ್ಡ ಪಾಲು ಬೀಳುವುದು ಕಟ್ಟಡದ ಮೇಲೆ. ಎರಡು ಪಕ್ಕಪಕ್ಕದ ನಿವೇಶನಗಳಲ್ಲಿ ಒಬ್ಬ ಹತ್ತು ಮಹಡಿ ಕಟ್ಟಿ ನೂರು ಕುಟುಂಬಗಳಿಗೆ ನೆಲೆ ಕೊಟ್ಟರೆ ಅವನ ತೆರಿಗೆ ಹಲವು ಪಟ್ಟು ಏರುತ್ತದೆ. ಪಕ್ಕದವ ಜಾಗವನ್ನು ಸಮತಟ್ಟು ಮಾಡಿ ಕಾರು ನಿಲ್ಲಿಸಲು ಬಿಟ್ಟರೆ ದಿನದ ಶುಲ್ಕವೂ ಬರುತ್ತದೆ, ತೆರಿಗೆಯೂ ಕಡಿಮೆ, ಜೊತೆಗೆ ಪಕ್ಕದ ಕಟ್ಟಡದಿಂದಾಗಿ ಅವನ ಜಾಗದ ಬೆಲೆಯೂ ಏರುತ್ತದೆ. ಕಟ್ಟಿದವನಿಗೆ ದಂಡ, ಕಾದು ಕೂತವನಿಗೆ ಬಹುಮಾನ. ಈ ಲೆಕ್ಕಾಚಾರವನ್ನು ಬರೆದಿಟ್ಟದ್ದು ನಗರವೇ ಎಂಬುದನ್ನು ಮರೆಯಬಾರದು.

ನಗರಕ್ಕೆ ಇದರಿಂದ ಏನು ಸಿಗುತ್ತದೆ

ನೀರಿನ ಕೊಳವೆ, ಒಳಚರಂಡಿ, ರಸ್ತೆ, ಬೀದಿದೀಪ, ಅಗ್ನಿಶಾಮಕ ಠಾಣೆ ಇವೆಲ್ಲದರ ಖರ್ಚು ನಿಲ್ಲುವುದು ಉದ್ದ ಮತ್ತು ದೂರದ ಮೇಲೆ. ಒಂದು ಕಿಲೋಮೀಟರ್ ಕೊಳವೆಯ ಇಕ್ಕೆಲದಲ್ಲಿ 50 ಮನೆ ಇದ್ದರೂ 500 ಮನೆ ಇದ್ದರೂ ಅಗೆಯುವ ಕೂಲಿ ಹೆಚ್ಚುಕಡಿಮೆ ಒಂದೇ. ಊರು ಹೊರಕ್ಕೆ ಹಬ್ಬಿದಷ್ಟೂ ಪ್ರತಿ ಮನೆಯ ಪಾಲಿನ ಕೊಳವೆ ಉದ್ದವಾಗುತ್ತದೆ. ಹೊಸದಾಗಿ ಹಾಕಿದಾಗ ಆ ಭಾರ ಕಾಣದು. ಕೆಲವು ದಶಕಗಳ ನಂತರ ಕೊಳವೆ ಬದಲಿಸುವ ಕಾಲ ಬಂದಾಗ ಖಜಾನೆಯಲ್ಲಿ ಅದಕ್ಕೆ ದುಡ್ಡಿರುವುದಿಲ್ಲ.

ಆದ್ದರಿಂದ ಒಂದು ಆಸ್ತಿ ಒಟ್ಟು ಎಷ್ಟು ತೆರಿಗೆ ಕೊಡುತ್ತದೆ ಎನ್ನುವುದಕ್ಕಿಂತ ಎಕರೆಗೆ ಎಷ್ಟು ಕೊಡುತ್ತದೆ ಎಂಬ ಲೆಕ್ಕ ಉಪಯುಕ್ತ. ಉತ್ತರ ಕೆರೊಲಿನಾದ ಆಶ್‌ವಿಲ್‌ನಲ್ಲಿ ಮಾಡಿದ ಹೋಲಿಕೆ ಇಂದಿಗೂ ಚರ್ಚೆಯಲ್ಲಿದೆ. ಊರಂಚಿನ ವಾಲ್‌ಮಾರ್ಟ್ ಮಳಿಗೆ ಎಕರೆಗೆ ಸುಮಾರು 6,500 ಡಾಲರ್ ಆಸ್ತಿ ತೆರಿಗೆ ತರುತ್ತಿತ್ತು. ನಗರಕೇಂದ್ರದಲ್ಲಿ ಪಾಳುಬಿದ್ದಿದ್ದ ಹಳೆಯ ಅಂಗಡಿ ಕಟ್ಟಡವೊಂದನ್ನು ದುರಸ್ತಿ ಮಾಡಿ, ಕೆಳಗೆ ಅಂಗಡಿ, ಮೇಲೆ ಮನೆ ಮಾಡಿದ ಮೇಲೆ ಅದು ಎಕರೆಗೆ ಸುಮಾರು 6,34,000 ಡಾಲರ್ ತರತೊಡಗಿತು. ಆ ಕಟ್ಟಡ ನಿಂತಿರುವುದು ಒಂದು ಎಕರೆಗಿಂತ ಎಷ್ಟೋ ಚಿಕ್ಕ ಜಾಗದಲ್ಲಿ, ಹೀಗಾಗಿ ಅದು ಕಟ್ಟುವ ಒಟ್ಟು ತೆರಿಗೆ ಇಷ್ಟು ದೊಡ್ಡದಲ್ಲ. ಜಾಗ, ಕೊಳವೆ, ರಸ್ತೆ ಎಲ್ಲವೂ ಸೀಮಿತವಾಗಿರುವ ನಗರಕ್ಕೆ ಮಾತ್ರ ಎಕರೆಯ ಲೆಕ್ಕವೇ ಕಣ್ಣು ತೆರೆಸುವಂಥದ್ದು. ಹತ್ತು ವರ್ಷ ತೆರಿಗೆ ಬಿಟ್ಟರೂ ಹನ್ನೊಂದನೇ ವರ್ಷದಿಂದ ಲಾಭವೇ ಎಂದು ಪಾಲಿಕೆಗಳು ವಾದಿಸುವುದು ಇದೇ ಧೈರ್ಯದಿಂದ.

ಅಂತರ ತುಂಬುವ ಲೆಕ್ಕ

ರಿಯಾಯಿತಿ ಕೆಲಸ ಮಾಡುವ ಬಗೆಯನ್ನು ಒಂದು ಕಾಲ್ಪನಿಕ ಉದಾಹರಣೆಯಿಂದ ನೋಡೋಣ. ಜಾಗವೂ ಸೇರಿ ಒಂದು ಕಟ್ಟಡಕ್ಕೆ 10 ಕೋಟಿ ಡಾಲರ್ ಖರ್ಚು. ನಿರ್ವಹಣೆ ಕಳೆದು ವರ್ಷಕ್ಕೆ ಬರುವ ಬಾಡಿಗೆ 65 ಲಕ್ಷ ಡಾಲರ್. ಅದರಲ್ಲಿ 15 ಲಕ್ಷ ಆಸ್ತಿ ತೆರಿಗೆಗೆ ಹೋಗುತ್ತದೆ. ಉಳಿಯುವುದು 50 ಲಕ್ಷ, ಅಂದರೆ ಹಾಕಿದ ದುಡ್ಡಿಗೆ ಶೇ 5. ಹಣ ಹೂಡುವವರು ಶೇ 6ಕ್ಕಿಂತ ಕಡಿಮೆ ಬಂದರೆ ಒಪ್ಪುವುದಿಲ್ಲ. ಹೀಗಾಗಿ ಕಟ್ಟಡ ಏಳುವುದಿಲ್ಲ, ನಗರಕ್ಕೆ ಆ 15 ಲಕ್ಷವೂ ಬರುವುದಿಲ್ಲ. ಪೂರ್ತಿ ತೆರಿಗೆ ಬಿಟ್ಟರೆ ಪ್ರತಿಫಲ ಶೇ 6.5ಕ್ಕೆ ಏರುತ್ತದೆ, ಕೆಲಸ ಶುರುವಾಗುತ್ತದೆ.

ಇದೇ ಲೆಕ್ಕವನ್ನು ಇನ್ನೊಮ್ಮೆ ನೋಡಿ. ಶೇ 6 ಮುಟ್ಟಲು ಬೇಕಿದ್ದದ್ದು 10 ಲಕ್ಷ ಮಾತ್ರ. ನಗರ ಬಿಟ್ಟದ್ದು 15 ಲಕ್ಷ. ಮಿಕ್ಕ 5 ಲಕ್ಷ ಎಲ್ಲಿ ಹೋಯಿತು? ಸಾಮಾನ್ಯವಾಗಿ ಅದು ಬಿಲ್ಡರ್ ಕೈಯಲ್ಲೂ ನಿಲ್ಲುವುದಿಲ್ಲ. ಈ ಪ್ರದೇಶದಲ್ಲಿ ತೆರಿಗೆ ಇಲ್ಲ ಎಂಬುದು ಗೊತ್ತಾದ ಕೂಡಲೇ ಜಾಗದ ಮಾಲೀಕ ಬೆಲೆ ಏರಿಸುತ್ತಾನೆ. ರಿಯಾಯಿತಿ ಜಾಗದ ಬೆಲೆಯೊಳಗೆ ಕರಗಿಹೋಗುತ್ತದೆ. ಬ್ರಿಟನ್ನಿನಲ್ಲಿ 1980ರ ದಶಕದಲ್ಲಿ ಉದ್ಯಮ ವಲಯಗಳನ್ನು ಮಾಡಿ ಹತ್ತು ವರ್ಷ ಸ್ಥಳೀಯ ತೆರಿಗೆ ಬಿಟ್ಟಾಗ ಇದೇ ಅನುಭವವಾಯಿತು. ಲಾಭದ ಒಂದು ಪಾಲು ಏರಿದ ಬಾಡಿಗೆಯ ರೂಪದಲ್ಲಿ ಭೂಮಾಲೀಕರಿಗೆ ಹೋಯಿತು. ಬಂದ ಕಂಪನಿಗಳಲ್ಲಿ ಹಲವು ಅಲ್ಲೇ ಹತ್ತಿರದಿಂದ ಜಾಗ ಬದಲಿಸಿದಂಥವು.

ಬಡ್ಡಿದರ ಒಂದು ಅಂಶ ಇಳಿದರೂ ಹೂಡಿಕೆದಾರರು ಶೇ 5ಕ್ಕೇ ಒಪ್ಪಬಹುದು, ಆಗ ರಿಯಾಯಿತಿಯ ಅಗತ್ಯವೇ ಇರುವುದಿಲ್ಲ. 2021ರಲ್ಲಿ ಸರಿಯಾಗಿದ್ದ ರಿಯಾಯಿತಿ ಬಡ್ಡಿ ಏರಿದ್ದ 2023ರಲ್ಲಿ ಸಾಲದು, ಮುಂದೊಂದು ದಿನ ಅತಿಯಾಗಬಹುದು. ಕಾನೂನು ಮಾತ್ರ ಹತ್ತಿಪ್ಪತ್ತು ವರ್ಷಕ್ಕೆ ಒಂದೇ ಪ್ರಮಾಣವನ್ನು ಬರೆದಿಡುತ್ತದೆ.

ಏರಿದ ತೆರಿಗೆಯನ್ನು ಅಲ್ಲೇ ಕಟ್ಟಿಹಾಕುವ ವಿಧಾನ

ನೇರ ರಿಯಾಯಿತಿಯ ಪಕ್ಕದಲ್ಲೇ ಟಿಐಎಫ್ (ಟ್ಯಾಕ್ಸ್ ಇನ್‌ಕ್ರಿಮೆಂಟ್ ಫೈನಾನ್ಸಿಂಗ್) ಎಂಬ ಇನ್ನೊಂದು ಸಾಧನವಿದೆ. ಒಂದು ಪ್ರದೇಶವನ್ನು ಗುರುತಿಸಿ, ಅಲ್ಲಿನ ಇಂದಿನ ತೆರಿಗೆಯ ಮೊತ್ತವನ್ನು ಗೆರೆ ಎಳೆದು ನಿಲ್ಲಿಸುತ್ತಾರೆ. ಮುಂದೆ ಬೆಲೆ ಏರಿ ಬರುವ ಹೆಚ್ಚುವರಿ ತೆರಿಗೆ ಸಾಮಾನ್ಯ ಖಜಾನೆಗೆ ಹೋಗದೆ ಆ ಪ್ರದೇಶದ ರಸ್ತೆ, ಕಾಲುದಾರಿ, ಕಟ್ಟಡ ಸಹಾಯಕ್ಕೆ, ಅಥವಾ ಅದಕ್ಕಾಗಿ ಮಾಡಿದ ಸಾಲ ತೀರಿಸಲು ಹೋಗುತ್ತದೆ. ಹೊಸ ತೆರಿಗೆ ಹಾಕಿಲ್ಲ, ಹಳೆಯದು ಕಳೆದುಕೊಂಡಿಲ್ಲ ಎಂದು ಹೇಳಿಕೊಳ್ಳಬಹುದು, ಹಾಗಾಗಿ ರಾಜಕಾರಣಿಗಳಿಗೆ ಇದು ಅಚ್ಚುಮೆಚ್ಚು.

ತೊಡಕಿರುವುದು ಆ ಹೆಚ್ಚಳದಲ್ಲೇ. ಹಣದುಬ್ಬರದಿಂದ, ಊರಿನ ಸಹಜ ಬೆಳವಣಿಗೆಯಿಂದ ಹೇಗೂ ಏರುತ್ತಿದ್ದ ತೆರಿಗೆಯೂ ಈ ಗೆರೆಯ ಒಳಗೇ ಉಳಿದುಬಿಡುತ್ತದೆ. ಅದೇ ಆಸ್ತಿ ತೆರಿಗೆಯಿಂದ ನಡೆಯುವ ಶಾಲೆಗಳಿಗೆ ಅದರ ಪಾಲು ಸಿಗುವುದಿಲ್ಲ. ಈ ವಿಧಾನವನ್ನು 1952ರಲ್ಲಿ ಮೊದಲು ಶುರುಮಾಡಿದ ಕ್ಯಾಲಿಫೋರ್ನಿಯಾದಲ್ಲಿ ಕಾಲಕ್ರಮೇಣ ಸುಮಾರು 400 ಪುನರಭಿವೃದ್ಧಿ ಸಂಸ್ಥೆಗಳು ಬೆಳೆದವು. ಶಾಲೆಗಳಿಗೆ ತಪ್ಪಿದ ಹಣವನ್ನು ರಾಜ್ಯ ತುಂಬಿಕೊಡಬೇಕಾಗಿ ಬಂತು. ಆರ್ಥಿಕ ಹಿಂಜರಿತದಲ್ಲಿ ರಾಜ್ಯದ ಬೊಕ್ಕಸವೇ ಬರಿದಾದಾಗ, 2011ರಲ್ಲಿ ಗವರ್ನರ್ ಜೆರ್ರಿ ಬ್ರೌನ್ ಕಾಲದ ಕಾನೂನು ಅವೆಲ್ಲವನ್ನೂ ರದ್ದು ಮಾಡಿತು. 2012ರ ಫೆಬ್ರುವರಿ 1ರಂದು ಅವು ಅಧಿಕೃತವಾಗಿ ಮುಚ್ಚಿದವು. 2014ರಲ್ಲಿ ಅದೇ ರಾಜ್ಯ ಇದೇ ಮಾದರಿಯ ಹೊಸ ವ್ಯವಸ್ಥೆ ತಂದಿತು, ಆದರೆ ಈ ಬಾರಿ ಶಾಲೆಯ ಪಾಲನ್ನು ಮುಟ್ಟದಂತೆ.

ಕೊಡದಿದ್ದರೂ ಆಗುತ್ತಿತ್ತೇ?

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಇದು, ಏಕೆಂದರೆ ಎದ್ದ ಕಟ್ಟಡ ಕಣ್ಣಿಗೆ ಕಾಣುತ್ತದೆ, ರಿಯಾಯಿತಿ ಇಲ್ಲದಿದ್ದರೆ ಏನಾಗುತ್ತಿತ್ತು ಎಂಬುದು ಕಾಣುವುದಿಲ್ಲ. ಕಂಪನಿಗಳಿಗೆ ಕೊಡುವ ಪ್ರೋತ್ಸಾಹಧನದ ಬಗ್ಗೆ ಆಗಿದ್ದ ಅಧ್ಯಯನಗಳನ್ನೆಲ್ಲ ಒಟ್ಟಿಗಿಟ್ಟು ಅರ್ಥಶಾಸ್ತ್ರಜ್ಞ ಟಿಮೊಥಿ ಬಾರ್ಟಿಕ್ 2018ರಲ್ಲಿ ಒಂದು ಅಂದಾಜು ಕೊಟ್ಟರು. ಪ್ರೋತ್ಸಾಹ ಪಡೆದ ಕಂಪನಿಗಳಲ್ಲಿ ಅದರಿಂದಾಗಿಯೇ ನಿರ್ಧಾರ ಬದಲಿಸಿದವು ಶೇ 2ರಿಂದ 25ರಷ್ಟು ಮಾತ್ರ. ಉಳಿದವು ಹೇಗೂ ಬರುತ್ತಿದ್ದವು, ಇಲ್ಲವೇ ಹೇಗೂ ಉಳಿಯುತ್ತಿದ್ದವು. ಕೆಳಗಿನ ಅಂಚು ಬಿಡಿ, ಮೇಲಿನ ಅಂಚನ್ನೇ ನಂಬಿದರೂ ನಾಲ್ಕರಲ್ಲಿ ಮೂರು ಪಾಲು ಹಣ ಆಗುತ್ತಿದ್ದ ಕೆಲಸಕ್ಕೇ ಸಂದಾಯವಾಗಿದೆ. ಇದು ಸಣ್ಣ ಮಾತಲ್ಲ.

ಹಾಗೆಂದು ಎಲ್ಲ ರಿಯಾಯಿತಿಯೂ ವ್ಯರ್ಥ ಎನ್ನಲಾಗದು. ಮ್ಯಾನ್‌ಹಟನ್ನಿನ ದಕ್ಷಿಣ ತುದಿಯ ವಾಲ್‌ಸ್ಟ್ರೀಟ್ ಸುತ್ತಮುತ್ತ 1990ರ ದಶಕದ ಆರಂಭದಲ್ಲಿ ಹಳೆಯ ಕಚೇರಿಗಳು ಬಾಡಿಗೆದಾರರಿಲ್ಲದೆ ಖಾಲಿ ಬಿದ್ದಿದ್ದವು. 1995ರಲ್ಲಿ ತೆರಿಗೆ ವಿನಾಯಿತಿ ಬಂದ ಮೇಲೆ ಅಲ್ಲಿ ಸುಮಾರು 13,000 ಮನೆಗಳಾದವು. ಸಂಜೆ ಐದಕ್ಕೆ ನಿರ್ಜನವಾಗುತ್ತಿದ್ದ ಬೀದಿಗಳಲ್ಲಿ ಕುಟುಂಬಗಳು ನೆಲೆಸಿದವು. ಆಗ ಕಡಿಮೆ ಬಾಡಿಗೆಯ ಷರತ್ತು ಇರಲಿಲ್ಲ, ಈಗಿನ ಕಾನೂನಿನಲ್ಲಿ ಅದನ್ನು ಸೇರಿಸಿರುವುದಕ್ಕೆ ಆ ಹಳೆಯ ಟೀಕೆಯೂ ಕಾರಣ.

ಫಿಲಡೆಲ್ಫಿಯಾದ ಕತೆ ಇನ್ನೂ ಜಟಿಲ. 1997ರಲ್ಲಿ ಹಳೆಯ ಕಟ್ಟಡಗಳ ಪರಿವರ್ತನೆಗೆ, 2000ದಲ್ಲಿ ಹೊಸ ಕಟ್ಟಡಗಳಿಗೂ ಹತ್ತು ವರ್ಷದ ಪೂರ್ಣ ವಿನಾಯಿತಿ ಕೊಟ್ಟಿತು. ಜನ ಬಿಟ್ಟುಹೋಗುತ್ತಿದ್ದ ಕಾಲದಲ್ಲಿ ಬಂದ ನೀತಿ ಅದು. ನಗರಕೇಂದ್ರ ಮತ್ತೆ ತುಂಬಿತು. ಆದರೆ ಬೇಡಿಕೆ ತಾನಾಗಿಯೇ ಕುದುರಿದ ಮೇಲೂ ವಿನಾಯಿತಿ ಅದೇ ಪ್ರಮಾಣದಲ್ಲಿ ಮುಂದುವರಿಯಿತು. ಆ ನಗರದ ಆಸ್ತಿ ತೆರಿಗೆಯಲ್ಲಿ ಸುಮಾರು ಶೇ 55 ಶಾಲೆಗಳ ಪಾಲು. ದುಬಾರಿ ಅಪಾರ್ಟ್‌ಮೆಂಟ್‌ಗಳು ತೆರಿಗೆಯಿಲ್ಲದೆ ಮಾರಾಟವಾಗುತ್ತಿದ್ದಾಗ ಶಾಲೆಗಳಲ್ಲಿ ದುರಸ್ತಿಗೂ ದುಡ್ಡಿರಲಿಲ್ಲ ಎಂಬ ಸಿಟ್ಟು ಅಲ್ಲಿಂದ ಹುಟ್ಟಿದ್ದು. 2022ರಿಂದ ಹೊಸ ವಾಸದ ಕಟ್ಟಡಗಳಿಗೆ ವಿನಾಯಿತಿ ವರ್ಷವರ್ಷಕ್ಕೆ ಇಳಿಯುವಂತೆ ನಿಯಮ ಬದಲಾಯಿತು. ಗಡುವಿಗೆ ಮುಂಚೆ, 2021ರ ಕೊನೆಯ ತಿಂಗಳುಗಳಲ್ಲಿ, ಪರವಾನಗಿ ಅರ್ಜಿಗಳ ನೂಕುನುಗ್ಗಲಾಯಿತು. ನೋಡಿ, ರಿಯಾಯಿತಿ ಎಷ್ಟು ಮುಖ್ಯ ಎಂದು ಪರವಾದಿಗಳು ಅದನ್ನು ತೋರಿಸುತ್ತಾರೆ. ಅದು ಮುಂದಿನ ವರ್ಷಗಳ ಕೆಲಸವನ್ನು ಮುಂಚಿತವಾಗಿಯೇ ಎಳೆದುಕೊಂಡದ್ದೂ ಆಗಿರಬಹುದು. ಎರಡನ್ನೂ ಅರ್ಜಿಗಳ ಆ ಒಂದು ಸಂಖ್ಯೆಯಿಂದ ಬೇರ್ಪಡಿಸಲು ಆಗದು.

ಕಂಪನಿಗಳನ್ನು ಕರೆತರುವ ರಿಯಾಯಿತಿಗೆ ಸ್ಯಾನ್‌ಫ್ರಾನ್ಸಿಸ್ಕೊ ಒಳ್ಳೆಯ ಉದಾಹರಣೆ. ಕಳೆಗುಂದಿದ್ದ ಮಿಡ್-ಮಾರ್ಕೆಟ್ ಪ್ರದೇಶಕ್ಕೆ ಬರುವ ಕಂಪನಿಗಳಿಗೆ ಹೊಸ ನೌಕರರ ಸಂಬಳದ ಮೇಲಿನ ತೆರಿಗೆಯನ್ನು ಆರು ವರ್ಷ ಬಿಡುವ ನಿರ್ಣಯ 2011ರಲ್ಲಾಯಿತು. ಟ್ವಿಟರ್ 2012ರಲ್ಲಿ ಅಲ್ಲಿಗೆ ಬಂತು, ಇನ್ನೂ ಹಲವು ಬಂದವು. ಆದರೆ ಅಂಥ ಕಂಪನಿಗಳಲ್ಲಿ ಊಟ ತಿಂಡಿ ಎಲ್ಲ ಒಳಗೇ ಸಿಗುತ್ತಿದ್ದುದರಿಂದ ನೌಕರರು ಬೀದಿಗೆ ಇಳಿಯುವುದು ಕಡಿಮೆ, ಪಕ್ಕದ ಹೋಟೆಲು ಅಂಗಡಿಗಳಿಗೆ ನಿರೀಕ್ಷಿಸಿದಷ್ಟು ವ್ಯಾಪಾರ ಬರಲಿಲ್ಲ ಎಂಬ ದೂರು ಉಳಿಯಿತು. ರಿಯಾಯಿತಿ 2019ರಲ್ಲಿ ಮುಗಿಯಿತು. 2024ರಲ್ಲಿ, ಎಕ್ಸ್ ಎಂದು ಹೆಸರು ಬದಲಿಸಿಕೊಂಡಿದ್ದ ಆ ಕಂಪನಿ ಅಲ್ಲಿನ ಕಚೇರಿಯನ್ನೇ ಮುಚ್ಚಿತು. ಕಟ್ಟಡಕ್ಕೆ ಕೊಟ್ಟ ನೆರವು ಕನಿಷ್ಠ ಕಟ್ಟಡವನ್ನಾದರೂ ಉಳಿಸುತ್ತದೆ. ಕಂಪನಿಗೆ ಕೊಟ್ಟದ್ದು ಕಂಪನಿಯ ಜೊತೆ ಎದ್ದುಹೋಗುತ್ತದೆ.

ದುಡ್ಡು ಬಿಡದೆ ಆದ ಕೆಲಸ

ಈ ಚರ್ಚೆಯಲ್ಲಿ ಸಿಗಬೇಕಾದ ಗಮನ ಸಿಗದ ಉದಾಹರಣೆ ಲಾಸ್ ಏಂಜಲೀಸ್. ಅಲ್ಲಿನ ನಗರಕೇಂದ್ರದ ಹಳೆಯ ಬ್ಯಾಂಕು, ಕಚೇರಿ ಕಟ್ಟಡಗಳ ಮೇಲಿನ ಮಹಡಿಗಳು ದಶಕಗಳ ಕಾಲ ಖಾಲಿ ಇದ್ದವು. ಅವನ್ನು ಮನೆ ಮಾಡಲು ಹೊರಟವರಿಗೆ ಅಡ್ಡಿಯಾಗಿದ್ದದ್ದು ನಗರದ ನಿಯಮಗಳೇ. ಇಷ್ಟು ಮನೆಗೆ ಇಷ್ಟು ಪಾರ್ಕಿಂಗ್ ಕಡ್ಡಾಯ ಎಂಬ ನಿಯಮವನ್ನು 1920ರ ದಶಕದ ಕಟ್ಟಡದಲ್ಲಿ ಪಾಲಿಸುವುದು ಎಲ್ಲಿಂದ? 1999ರಲ್ಲಿ ನಗರ ಒಂದು ಆದೇಶ ಹೊರಡಿಸಿ, ಹಳೆಯ ಕಟ್ಟಡಗಳಿಗೆ ಹೊಸ ಪಾರ್ಕಿಂಗ್ ಬೇಕಿಲ್ಲ, ಪ್ರತಿಯೊಂದಕ್ಕೂ ವಿಶೇಷ ಅನುಮತಿಯ ವಿಚಾರಣೆ ಬೇಕಿಲ್ಲ ಎಂದಿತು. ಆ ಆದೇಶದಡಿ ನಗರಕೇಂದ್ರದಲ್ಲಿ ಮುಂದೆ 12,000ಕ್ಕೂ ಹೆಚ್ಚು ಮನೆಗಳಾದವು. ಪಾರಂಪರಿಕ ಕಟ್ಟಡಗಳಿಗಿರುವ ಕೇಂದ್ರ ಸರ್ಕಾರದ ಶೇ 20 ತೆರಿಗೆ ಕ್ರೆಡಿಟ್ (ದುರಸ್ತಿ ಖರ್ಚಿನ ಅಷ್ಟು ಪಾಲನ್ನು ತೆರಿಗೆಯಲ್ಲಿ ಕಳೆದುಕೊಳ್ಳುವ ಸೌಲಭ್ಯ) ಕೆಲವಕ್ಕೆ ನೆರವಾಗಿರುವುದು ನಿಜ. ಬೀಗ ತೆಗೆದದ್ದು ಮಾತ್ರ ನಿಯಮದ ಬದಲಾವಣೆ.

ಪಾರ್ಕಿಂಗ್ ನಿಯಮದ ಭಾರವನ್ನು ಸಾಮಾನ್ಯವಾಗಿ ಹಗುರವಾಗಿ ಕಾಣುತ್ತಾರೆ. ನೆಲದಡಿ ಕಟ್ಟುವ ಒಂದೊಂದು ಕಾರಿನ ಜಾಗಕ್ಕೆ ಹತ್ತಾರು ಸಾವಿರ ಡಾಲರ್ ಬೀಳುತ್ತದೆ, ಆ ಖರ್ಚು ಕಾರಿಲ್ಲದವರ ಬಾಡಿಗೆಯಲ್ಲೂ ಸೇರುತ್ತದೆ. ಚಿಕ್ಕ ನಿವೇಶನದಲ್ಲಿ ಕಾರು ಇಳಿಯುವ ಇಳಿಜಾರಿಗೇ ಅರ್ಧ ಜಾಗ ಹೋದರೆ ಕಟ್ಟಡವೇ ಅಸಾಧ್ಯ. ಬಫಲೊ ನಗರ 2017ರಲ್ಲಿ ಕಡ್ಡಾಯ ಪಾರ್ಕಿಂಗನ್ನು ಊರಿಗೆ ಊರೇ ರದ್ದು ಮಾಡಿತು. ನಂತರದ ದೊಡ್ಡ ಯೋಜನೆಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹಳೆಯ ನಿಯಮ ಕೇಳುತ್ತಿದ್ದುದಕ್ಕಿಂತ ಕಡಿಮೆ ಪಾರ್ಕಿಂಗ್ ಕಟ್ಟಿದವು. ಅಷ್ಟು ಜಾಗ ಬೇಕಿರಲಿಲ್ಲ, ನಿಯಮ ಕಟ್ಟಿಸುತ್ತಿತ್ತು ಎಂದರ್ಥ.

ತೆರಿಗೆಯ ಓರೆಯನ್ನು ನೇರ ಮಾಡಿದ ಪ್ರಯೋಗವೂ ಇದೆ. ಪೆನ್ಸಿಲ್ವೇನಿಯಾದ 1913ರ ಕಾನೂನಿನಂತೆ ಪಿಟ್ಸ್‌ಬರ್ಗ್ ಜಾಗದ ಮೇಲೆ ಹೆಚ್ಚು, ಕಟ್ಟಡದ ಮೇಲೆ ಕಡಿಮೆ ತೆರಿಗೆ ಹಾಕುತ್ತಿತ್ತು. 1979–80ರಲ್ಲಿ ಜಾಗದ ದರವನ್ನು ಕಟ್ಟಡದ ದರದ ಐದು ಪಟ್ಟಿಗೂ ಮೇಲೆ ಏರಿಸಿತು. ಉಕ್ಕಿನ ಕಾರ್ಖಾನೆಗಳು ಮುಚ್ಚುತ್ತಿದ್ದ ಆ ದಶಕದಲ್ಲಿ ಸುತ್ತಲಿನ ಕೈಗಾರಿಕಾ ನಗರಗಳ ನಿರ್ಮಾಣ ಕುಸಿದರೆ, ಪಿಟ್ಸ್‌ಬರ್ಗ್‌ನಲ್ಲಿ ಅದು ಹಿಂದಿನ ಎರಡು ದಶಕಗಳ ಸರಾಸರಿಗಿಂತ ಸುಮಾರು ಶೇ 70 ಹೆಚ್ಚಿತು. ಇದನ್ನು ಅಧ್ಯಯನ ಮಾಡಿದ ವ್ಯಾಲೇಸ್ ಓಟ್ಸ್ ಮತ್ತು ರಾಬರ್ಟ್ ಶ್ವಾಬ್, ಕಚೇರಿ ಜಾಗದ ಅಭಾವವೂ ಆಗ ಇತ್ತು, ತೆರಿಗೆಯೊಂದೇ ಕಾರಣವಲ್ಲ, ಆದರೆ ಕಟ್ಟಡಗಳ ಮೇಲೆ ಭಾರ ಹೇರದೆ ಆದಾಯ ಹೆಚ್ಚಿಸಿಕೊಳ್ಳಲು ಅದು ದಾರಿಮಾಡಿತು ಎಂದು ಎಚ್ಚರಿಕೆಯಿಂದ ಹೇಳಿದರು. 2001ರಲ್ಲಿ ಆಸ್ತಿಗಳ ಮರುಮೌಲ್ಯಮಾಪನವಾಗಿ ಜಾಗದ ಬೆಲೆಗಳು ಒಮ್ಮೆಲೇ ಜಿಗಿದಾಗ ಮನೆಮಾಲೀಕರು ಸಿಟ್ಟಿಗೆದ್ದರು, ವ್ಯವಸ್ಥೆ ಕೊನೆಗೊಂಡಿತು. ಡೆಟ್ರಾಯಿಟ್ ಮೇಯರ್ ಮೈಕ್ ಡಗ್ಗನ್ 2023ರಲ್ಲಿ ಇಂಥದ್ದೇ ಪ್ರಸ್ತಾವ ತಂದರು, ರಾಜ್ಯದ ಶಾಸನಸಭೆಯಲ್ಲಿ ಅದು ದಾಟಲಿಲ್ಲ.

ದುಡ್ಡು ಬಿಡುವುದಕ್ಕೆ ಮುಂಚೆ ನಗರ ತನ್ನ ನಿಯಮಗಳನ್ನು ತಾನೇ ಸರಿಪಡಿಸಿಕೊಳ್ಳಬೇಕು ಎನ್ನಲು ಇಷ್ಟು ಸಾಕ್ಷ್ಯ ಸಾಕೆಂದು ನನಗನ್ನಿಸುತ್ತದೆ. ಅನುಮತಿಗೆ ಎರಡು ವರ್ಷ ಹಿಡಿದರೆ ಆ ಎರಡು ವರ್ಷದ ಬಡ್ಡಿಯನ್ನು ಬಿಲ್ಡರ್ ತನ್ನ ಲೆಕ್ಕಕ್ಕೆ ಸೇರಿಸುತ್ತಾನೆ, ನಂತರ ನಗರವೇ ಅದನ್ನು ರಿಯಾಯಿತಿಯ ರೂಪದಲ್ಲಿ ತುಂಬಿಕೊಡುತ್ತದೆ. ತಾನೇ ಹಾಕಿದ ಗಂಟು ಬಿಚ್ಚಲು ಸಾರ್ವಜನಿಕ ಹಣ.

ಈಗಿನ ಯೋಜನೆಗಳು ಎತ್ತ ಸಾಗಬಹುದು

ಕಚೇರಿಯನ್ನು ಮನೆ ಮಾಡುವುದರಲ್ಲಿ ನಿಯಮದಿಂದ ಬಗೆಹರಿಯದ ತೊಡಕುಗಳೂ ಇವೆ. 1960ರ ನಂತರದ ಕಚೇರಿಗಳು ಅಗಲವಾದ ಪೆಟ್ಟಿಗೆಗಳು. ಮಧ್ಯಭಾಗ ಕಿಟಕಿಯಿಂದ ಬಹಳ ದೂರ, ಗಾಳಿ ಬೆಳಕಿಲ್ಲ, ಒಂದೊಂದು ಮಹಡಿಗೆ ಒಂದೇ ಕಡೆ ಶೌಚಾಲಯಗಳು. ಪ್ರತಿ ಮನೆಗೂ ನೀರು, ಒಳಚರಂಡಿ ಎಳೆಯಬೇಕು, ಕೆಲವೊಮ್ಮೆ ಕಟ್ಟಡದ ನಡುವೆಯೇ ಬೆಳಕಿನ ಬಾವಿ ಕೊರೆಯಬೇಕು. ಇಲ್ಲಿ ಅಂತರ ನಿಜವಾದದ್ದು. ನೆರವಿಲ್ಲದೆ ಇಂಥವು ಆಗುತ್ತಿರಲಿಲ್ಲ ಎಂಬ ವಾದ ಹೊಸ ಕಟ್ಟಡಗಳಿಗಿಂತ ಇಲ್ಲಿ ಬಲವಾಗಿದೆ.

ಏನೂ ಮಾಡದೆ ಕೂತರೂ ಬೆಲೆ ತೆರಬೇಕು. ಖಾಲಿ ಕಚೇರಿಗಳ ಮೌಲ್ಯ ಇಳಿದಂತೆ ಅಷ್ಟೇ ಬಜೆಟ್ ತುಂಬಲು ಉಳಿದವರ ಮೇಲೆ, ಅಂದರೆ ಮನೆಮಾಲೀಕರ ಮೇಲೆ, ಭಾರ ಸರಿಯುತ್ತದೆ. ಬಾಸ್ಟನ್‌ನಲ್ಲಿ ಈ ಜಗಳ ಈಗಾಗಲೇ ಶುರುವಾಗಿದೆ. ರಿಯಾಯಿತಿಯಿಂದ ನಗರಕೇಂದ್ರ ಚೇತರಿಸಿಕೊಂಡರೆ ಇನ್ನೊಂದು ಸಮಸ್ಯೆ: ಸುತ್ತಲಿನ ಬಾಡಿಗೆ ಏರಿ, ಕಷ್ಟಕಾಲದಲ್ಲಿ ಅಲ್ಲೇ ಬಾಗಿಲು ತೆರೆದಿಟ್ಟುಕೊಂಡಿದ್ದ ಸಣ್ಣ ಅಂಗಡಿಯವರೇ ಮೊದಲು ಜಾಗ ಖಾಲಿ ಮಾಡಬೇಕಾಗುತ್ತದೆ. ಅವರಿಗೆ ದೀರ್ಘಾವಧಿ ಕರಾರಿನ ರಕ್ಷಣೆ ಇಲ್ಲದಿದ್ದರೆ ನಗರದ ಹಣ ಅವರನ್ನೇ ಹೊರದೂಡಿದಂತಾಗುತ್ತದೆ.

ಷರತ್ತುಗಳನ್ನು ಹೇಗೆ ಬರೆಯುತ್ತಾರೆ ಎಂಬುದರ ಮೇಲೆ ಬಹಳಷ್ಟು ನಿಂತಿದೆ. ಕ್ಯಾಲ್ಗರಿಯ ಹಣ ಕೈಗೆ ಬರುವುದು ಕೆಲಸ ಮುಗಿದ ಮೇಲೆ, ಅರ್ಧಕ್ಕೆ ಬಿಟ್ಟವರಿಗೆ ಏನೂ ಇಲ್ಲ. ವಿಸ್ಕಾನ್ಸಿನ್ ರಾಜ್ಯ 2017ರಲ್ಲಿ ಫಾಕ್ಸ್‌ಕಾನ್‌ಗೆ 13,000 ಉದ್ಯೋಗದ ಭರವಸೆಯ ಮೇಲೆ ಸುಮಾರು 300 ಕೋಟಿ ಡಾಲರ್ ಘೋಷಿಸಿತ್ತು. ಉದ್ಯೋಗ ಬಂದಷ್ಟಕ್ಕೆ ಮಾತ್ರ ಹಣ ಎಂಬ ಷರತ್ತಿದ್ದುದರಿಂದ 2021ರಲ್ಲಿ ಒಪ್ಪಂದವನ್ನು 1,454 ಉದ್ಯೋಗ, 8 ಕೋಟಿ ಡಾಲರ್‌ಗೆ ಇಳಿಸಲು ಸಾಧ್ಯವಾಯಿತು. ಆ ಕಾರ್ಖಾನೆಗಾಗಿ ಮುಂಗಡವಾಗಿ ಜಾಗ ಕೊಂಡು, ರಸ್ತೆ ಮಾಡಿ, ಕೊಳವೆ ಹಾಕಿದ ಸ್ಥಳೀಯ ಆಡಳಿತಗಳ ಹಣಕ್ಕೆ ಅಂಥ ರಕ್ಷಣೆ ಇರಲಿಲ್ಲ.

ತಮ್ಮ ನಗರ ಎಷ್ಟು ಬಿಟ್ಟುಕೊಡುತ್ತಿದೆ ಎಂದು ತಿಳಿಯಲು ಅಮೆರಿಕದ ನಾಗರಿಕರಿಗೆ ಈಗ ಒಂದು ದಾರಿಯಿದೆ. ಸರ್ಕಾರಿ ಲೆಕ್ಕಪತ್ರಗಳ ಮಾನದಂಡ ರೂಪಿಸುವ ಅಲ್ಲಿನ ಮಂಡಳಿ 2015ರಲ್ಲಿ ಹೊರಡಿಸಿದ 77ನೇ ನಿಯಮದಂತೆ, ತೆರಿಗೆ ರಿಯಾಯಿತಿಯಿಂದ ಆ ವರ್ಷ ಕೈಬಿಟ್ಟ ಆದಾಯವನ್ನು ವಾರ್ಷಿಕ ವರದಿಯಲ್ಲಿ ನಮೂದಿಸಬೇಕು. ಟಿಐಎಫ್‌ನ ಎಲ್ಲ ಬಗೆಗಳೂ ಇದರಡಿ ಬರುವುದಿಲ್ಲ, ಅದೊಂದು ದೊಡ್ಡ ಕಿಂಡಿ. ಆದರೆ ತಾವು ಕೊಡದ ರಿಯಾಯಿತಿಯಿಂದ ಆದಾಯ ಕಳೆದುಕೊಂಡ ಶಾಲಾ ಮಂಡಳಿಗಳೂ ಆ ಮೊತ್ತವನ್ನು ತಮ್ಮ ಲೆಕ್ಕದಲ್ಲಿ ತೋರಿಸಬೇಕು. ಪಾಲಿಕೆಯ ಸಭೆಯಲ್ಲಿ ಹೊಸ ರಿಯಾಯಿತಿಗೆ ಕೈ ಎತ್ತುವ ದಿನ ಆ ಪುಟವನ್ನೂ ಮೇಜಿನ ಮೇಲೆ ಇಡುವಂತೆ ಕೇಳುವ ಹಕ್ಕು ಅಲ್ಲಿನ ಪೋಷಕರಿಗಿದೆ.